ಕಾರ್ಡಿಯೋಜೆನಿಕ್ ಶಾಕ್: ಆಸ್ಪತ್ರೆಯಲ್ಲಿ ನೀಡಲಾಗುವ ಔಷಧ ಚಿಕಿತ್ಸೆ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಹೃದಯಾಘಾತದಿಂದ ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳ ಪೈಕಿ ಸುಮಾರು 5ರಿಂದ 10 ಜನರಲ್ಲಿ ಕಾರ್ಡಿಯೋಜೆನಿಕ್ ಶಾಕ್ ಎಂಬ ಗಂಭೀರ ಸ್ಥಿತಿ ಉಂಟಾಗುತ್ತದೆ. ಸುಸಜ್ಜಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆತರೂ ಇಂತಹ ರೋಗಿಗಳಲ್ಲಿ 100ಕ್ಕೆ ಸುಮಾರು 40ರಿಂದ 50 ಜನ 30 ದಿನಗಳೊಳಗೆ ಮರಣ ಹೊಂದುತ್ತಾರೆ. ಈ ಸಂದರ್ಭದಲ್ಲಿ ರೋಗಿಯ ಕುಟುಂಬದವರಿಗೆ "ಬಿ.ಪಿ. ಇಂಜೆಕ್ಷನ್ ಮೇಲೆ ನಿಂತಿದೆ" ಎಂದು ತಿಳಿಸಲಾಗುತ್ತದೆ. ಆ ಮಾತಿನ ಅರ್ಥವೇನು, ಆ ಔಷಧಗಳು ಏನು ಮಾಡುತ್ತವೆ, ಏನು ಮಾಡಲಾರವು, ಕುಟುಂಬದವರು ಕೂಡಲೇ ಕೈಗೊಳ್ಳಬೇಕಾದ ತೀರ್ಮಾನಗಳು ಯಾವುವು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಮುಖ್ಯವಾಗಿ ತಿಳಿಯಬೇಕಾದ ಅಂಶವೊಂದಿದೆ. ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧಗಳು ರೋಗದ ಮೂಲವನ್ನು ಗುಣಪಡಿಸುವುದಿಲ್ಲ. ಮೂಲ ಚಿಕಿತ್ಸೆಗೆ ಬೇಕಾದ ಸಮಯವನ್ನು ಒದಗಿಸುತ್ತವೆ. ಆ ಸಮಯ ಅಲ್ಪಾವಧಿಯದು. ಅದನ್ನು ಸದುಪಯೋಗಪಡಿಸಿಕೊಳ್ಳುವುದು ವೈದ್ಯರೊಂದಿಗೆ ಕುಟುಂಬದವರ ಹೊಣೆಯೂ ಆಗಿರುತ್ತದೆ.

1. ಕಾರ್ಡಿಯೋಜೆನಿಕ್ ಶಾಕ್ ಎಂದರೇನು?

ಹೃದಯದ ಸ್ನಾಯು ತೀವ್ರವಾಗಿ ದುರ್ಬಲಗೊಂಡು, ದೇಹದ ಅಂಗಾಂಗಗಳಿಗೆ ಅಗತ್ಯವಿರುವಷ್ಟು ರಕ್ತವನ್ನು ಪಂಪ್ ಮಾಡಲಾಗದ ಸ್ಥಿತಿಯೇ ಕಾರ್ಡಿಯೋಜೆನಿಕ್ ಶಾಕ್. ಹೃದಯಾಘಾತ ಮತ್ತು ಕಾರ್ಡಿಯೋಜೆನಿಕ್ ಶಾಕ್ ಒಂದೇ ಅಲ್ಲ. ಹೃದಯಾಘಾತವೆಂದರೆ ಹೃದಯದ ರಕ್ತನಾಳ ಮುಚ್ಚಿಹೋಗಿ ಸ್ನಾಯುವಿನ ಒಂದು ಭಾಗಕ್ಕೆ ಹಾನಿಯಾಗುವುದು. ಆ ಹಾನಿಯ ವ್ಯಾಪ್ತಿ ದೊಡ್ಡದಾಗಿ ಇಡೀ ದೇಹಕ್ಕೆ ರಕ್ತ ಪೂರೈಕೆ ಕುಸಿದಾಗ ಅದನ್ನು ಕಾರ್ಡಿಯೋಜೆನಿಕ್ ಶಾಕ್ ಎನ್ನಲಾಗುತ್ತದೆ. ವಿದ್ಯುತ್ ಆಘಾತಕ್ಕಾಗಲೀ, ಮಾನಸಿಕ ಆಘಾತಕ್ಕಾಗಲೀ ಇಲ್ಲಿನ 'ಶಾಕ್' ಪದಕ್ಕೆ ಸಂಬಂಧವಿಲ್ಲ.

ಸಾಮಾನ್ಯವಾಗಿ ಮೇಲಿನ ರಕ್ತದೊತ್ತಡವು 90 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದು ಅರ್ಧ ಗಂಟೆಯವರೆಗೆ ಹಾಗೆಯೇ ಉಳಿದರೆ, ಅಥವಾ ಅದನ್ನು 90ರ ಮಟ್ಟದಲ್ಲಿ ಇರಿಸಲು ಔಷಧ ಬೇಕಾದರೆ, ಮತ್ತು ಅದರೊಂದಿಗೆ ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲವೆಂಬ ಲಕ್ಷಣಗಳು ಕಂಡುಬಂದರೆ ವೈದ್ಯರು ಈ ಸ್ಥಿತಿಯನ್ನು ಗುರುತಿಸುತ್ತಾರೆ.

ಇದೊಂದು ವಿಷವರ್ತುಲ. ರಕ್ತದೊತ್ತಡ ಇಳಿದಾಗ ಹೃದಯಕ್ಕೇ ರಕ್ತ ಕಡಿಮೆಯಾಗುತ್ತದೆ. ಅದರಿಂದ ಹೃದಯ ಇನ್ನಷ್ಟು ದುರ್ಬಲವಾಗುತ್ತದೆ. ದುರ್ಬಲವಾದಷ್ಟೂ ರಕ್ತದೊತ್ತಡ ಮತ್ತೆ ಇಳಿಯುತ್ತದೆ. ಚಿಕಿತ್ಸೆಯಲ್ಲಿ ಗಂಟೆಗಳು ಮಾತ್ರವಲ್ಲದೆ ನಿಮಿಷಗಳೂ ಮುಖ್ಯವಾಗುವುದು ಈ ಕಾರಣದಿಂದ.

2. ಕಾರಣಗಳು

ಅತಿ ಸಾಮಾನ್ಯ ಕಾರಣ ತೀವ್ರ ಹೃದಯಾಘಾತ. ಇತರೆ ಕಾರಣಗಳು ಈ ಕೆಳಕಂಡಂತಿವೆ:

- ಹೃದಯಾಘಾತದ ನಂತರ ಹೃದಯದ ಗೋಡೆ ಬಿರಿಯುವುದು ಅಥವಾ ಕವಾಟವನ್ನು ಹಿಡಿದಿರುವ ಸ್ನಾಯು ಹರಿಯುವುದು.
- ಬಹುಕಾಲದ ಹೃದಯ ವೈಫಲ್ಯವು ಹಠಾತ್ತನೆ ಉಲ್ಬಣಗೊಳ್ಳುವುದು.
- ವೈರಾಣು ಸೋಂಕು ಮೊದಲಾದ ಕಾರಣಗಳಿಂದ ಹೃದಯದ ಸ್ನಾಯುವಿನ ಉರಿಯೂತ.
- ಹೃದಯದ ಬಡಿತ ಅತಿ ವೇಗವಾಗುವುದು ಅಥವಾ ಅತಿ ನಿಧಾನವಾಗುವುದು.
- ರಕ್ತದೊತ್ತಡದ ಮಾತ್ರೆಗಳ ಮಿತಿಮೀರಿದ ಸೇವನೆ, ಕಣಗಿಲೆ ಬೀಜದ ಸೇವನೆ, ಧಾನ್ಯ ಸಂರಕ್ಷಣೆಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳ ಸೇವನೆ.
- ಕೆಂಪು ಚೇಳಿನ ಕುಟುಕು. ಇದರ ವಿಷವು ಕೆಲವರಲ್ಲಿ, ವಿಶೇಷವಾಗಿ ಮಕ್ಕಳಲ್ಲಿ, ಹೃದಯವನ್ನು ದುರ್ಬಲಗೊಳಿಸುತ್ತದೆ.

ಕಾರಣ ಬೇರೆಯಾದರೆ ಮೂಲ ಚಿಕಿತ್ಸೆಯೂ ಬೇರೆಯಾಗುತ್ತದೆ. ಆದ್ದರಿಂದ ಸಂಕೋಚದಿಂದಾಗಲೀ, ಪೊಲೀಸ್ ಪ್ರಕರಣದ ಭಯದಿಂದಾಗಲೀ ವಿಷ ಸೇವನೆಯ ವಿಷಯವನ್ನು ವೈದ್ಯರಿಂದ ಮರೆಮಾಚಬಾರದು.

3. ಲಕ್ಷಣಗಳು

- ಕೈಕಾಲು ತಣ್ಣಗಾಗುವುದು, ಮೈ ಬೆವರುವುದು, ಚರ್ಮ ಬಿಳಿಚಿಕೊಳ್ಳುವುದು.
- ನಾಡಿ ಬಡಿತ ಕ್ಷೀಣವಾಗುವುದು.
- ಉಸಿರಾಟದ ತೊಂದರೆ. ಮಲಗಿದಾಗ ಅದು ಹೆಚ್ಚಾಗುವುದು.
- ಗೊಂದಲ, ತಳಮಳ, ಮಂಪರು, ಪ್ರಜ್ಞೆ ತಪ್ಪುವುದು.
- ಮೂತ್ರದ ಪ್ರಮಾಣ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾಗುವುದು.

ರಕ್ತ ಪರೀಕ್ಷೆಯಲ್ಲಿ ಲ್ಯಾಕ್ಟೇಟ್ ಎಂಬ ಅಂಶವನ್ನು ಅಳೆಯಲಾಗುತ್ತದೆ. ಅದು 2ಕ್ಕಿಂತ ಹೆಚ್ಚಿದ್ದರೆ ಅಂಗಾಂಗಗಳಿಗೆ ಆಮ್ಲಜನಕ ಸಾಲುತ್ತಿಲ್ಲವೆಂಬ ಸೂಚನೆ ದೊರೆಯುತ್ತದೆ. ಇ.ಸಿ.ಜಿ. ಮತ್ತು ಎಕೋ ಪರೀಕ್ಷೆಗಳು ಕಾರಣವನ್ನು ತಿಳಿಯಲು ನೆರವಾಗುತ್ತವೆ.

ಕೆಲವು ರೋಗಿಗಳು ಆಸ್ಪತ್ರೆಗೆ ಬಂದಾಗ ಚೆನ್ನಾಗಿಯೇ ಇದ್ದು, ದಾಖಲಾದ ಕೆಲವು ಗಂಟೆಗಳ ನಂತರ ಈ ಸ್ಥಿತಿಗೆ ತಲುಪುವುದುಂಟು. "ನಡೆದುಕೊಂಡು ಬಂದವರು ಹೀಗೇಕಾದರು" ಎಂಬ ಪ್ರಶ್ನೆ ಕುಟುಂಬದವರಲ್ಲಿ ಮೂಡುವುದು ಸಹಜ. ಹೃದಯದ ಸ್ನಾಯುವಿನ ಹಾನಿ ಗಂಟೆಗಳ ಅವಧಿಯಲ್ಲಿ ವಿಸ್ತರಿಸುವುದು ಇದಕ್ಕೆ ಒಂದು ಮುಖ್ಯ ಕಾರಣ.

4. ಬಳಸಲಾಗುವ ಔಷಧಗಳು

ರಕ್ತದೊತ್ತಡವನ್ನು ಎತ್ತಿಹಿಡಿಯುವ ಮತ್ತು ಹೃದಯದ ಸಂಕೋಚನ ಶಕ್ತಿಯನ್ನು ಹೆಚ್ಚಿಸುವ ಔಷಧಗಳನ್ನು ರಕ್ತನಾಳದ ಮೂಲಕ ಮಾತ್ರ ನೀಡಲಾಗುತ್ತದೆ. ಮಾತ್ರೆಯ ರೂಪದಲ್ಲಿ ಇವುಗಳಿಗೆ ಪರ್ಯಾಯವಿಲ್ಲ.

(ಅ) ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧಗಳು

ನಾರ್‌ಅಡ್ರಿನಲಿನ್ ಇವುಗಳಲ್ಲಿ ಪ್ರಮುಖವಾದುದು. ಇದು ದೇಹದ ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ಸರಾಸರಿ ರಕ್ತದೊತ್ತಡ ಸುಮಾರು 65 ಮಿ.ಮೀ. ಮಟ್ಟದಲ್ಲಿರುವಂತೆ ಪ್ರಮಾಣವನ್ನು ಹೊಂದಿಸಲಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಬಿಗಿಗೊಳಿಸಿದರೆ ದುರ್ಬಲ ಹೃದಯ ಆ ಪ್ರತಿರೋಧದ ವಿರುದ್ಧ ರಕ್ತವನ್ನು ತಳ್ಳಬೇಕಾಗುತ್ತದೆ. ಹೀಗಾಗಿ ಬಿ.ಪಿ. 120ಕ್ಕೆ ಏರಲಿ ಎಂಬುದು ಇಲ್ಲಿ ಗುರಿಯಲ್ಲ.

ಹಿಂದೆ ಈ ಸ್ಥಿತಿಯಲ್ಲಿ ಡೋಪಮೈನ್ ಔಷಧವನ್ನು ವ್ಯಾಪಕವಾಗಿ ಬಳಸಲಾಗುತ್ತಿತ್ತು. 2010ರಲ್ಲಿ ಪ್ರಕಟವಾದ, 1679 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಡೋಪಮೈನ್ ಪಡೆದವರ ಪೈಕಿ ಶೇಕಡ 24ರಷ್ಟು ಮಂದಿಗೆ ಹೃದಯ ಬಡಿತದ ಏರುಪೇರು ಉಂಟಾಯಿತು. ನಾರ್‌ಅಡ್ರಿನಲಿನ್ ಪಡೆದವರಲ್ಲಿ ಇದು ಶೇಕಡ 12ರಷ್ಟಿತ್ತು. ಒಟ್ಟು ರೋಗಿಗಳಲ್ಲಿ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಕಾರ್ಡಿಯೋಜೆನಿಕ್ ಶಾಕ್ ಇದ್ದ 280 ರೋಗಿಗಳ ಗುಂಪಿನಲ್ಲಿ ಡೋಪಮೈನ್ ಪಡೆದವರ ಸಾವು ಹೆಚ್ಚಾಗಿತ್ತು. ತದನಂತರ ನಾರ್‌ಅಡ್ರಿನಲಿನ್‌ಗೆ ಆದ್ಯತೆ ನೀಡಲಾಗುತ್ತಿದೆ. ಅಡ್ರಿನಲಿನ್ ಔಷಧವನ್ನು ನಾರ್‌ಅಡ್ರಿನಲಿನ್‌ನೊಂದಿಗೆ ಹೋಲಿಸಿದ, 57 ರೋಗಿಗಳ ಸಣ್ಣ ಅಧ್ಯಯನವನ್ನು, ಅಡ್ರಿನಲಿನ್ ಪಡೆದವರಲ್ಲಿ ಚಿಕಿತ್ಸೆಗೆ ಬಗ್ಗದ ಶಾಕ್ ಹೆಚ್ಚಾಗಿ ಕಂಡುಬಂದುದರಿಂದ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

(ಆ) ಹೃದಯದ ಸಂಕೋಚನ ಶಕ್ತಿಯನ್ನು ಹೆಚ್ಚಿಸುವ ಔಷಧಗಳು

ಡೊಬುಟಮೈನ್ ಮತ್ತು ಮಿಲ್ರಿನೋನ್ ಈ ಗುಂಪಿಗೆ ಸೇರಿವೆ. ಇವು ಹೃದಯ ಪ್ರತಿ ಬಡಿತದಲ್ಲಿ ಹೊರಹಾಕುವ ರಕ್ತದ ಪ್ರಮಾಣವನ್ನು ಹೆಚ್ಚಿಸುತ್ತವೆ. ಜೊತೆಗೆ ರಕ್ತನಾಳಗಳನ್ನು ಸ್ವಲ್ಪಮಟ್ಟಿಗೆ ಸಡಿಲಗೊಳಿಸುತ್ತವೆ. ಇವುಗಳನ್ನು ಪ್ರಾರಂಭಿಸಿದಾಗ ಬಿ.ಪಿ. ಇಳಿಯುವ ಸಾಧ್ಯತೆ ಇರುವುದರಿಂದ ಅನೇಕ ವೇಳೆ ನಾರ್‌ಅಡ್ರಿನಲಿನ್ ಜೊತೆಯಲ್ಲಿ ನೀಡಲಾಗುತ್ತದೆ. ಎರಡು ಪಂಪ್‌ಗಳು ಏಕಕಾಲದಲ್ಲಿ ನಡೆಯುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಎರಡರ ಕೆಲಸ ಬೇರೆ ಬೇರೆ.

ಮಿಲ್ರಿನೋನ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಅದು ದೇಹದಲ್ಲಿ ಶೇಖರಗೊಳ್ಳುವುದರಿಂದ ಪ್ರಮಾಣವನ್ನು ತಗ್ಗಿಸಲಾಗುತ್ತದೆ. ಡೊಬುಟಮೈನ್ ಮತ್ತು ಮಿಲ್ರಿನೋನ್‌ಗಳನ್ನು 192 ರೋಗಿಗಳಲ್ಲಿ ಹೋಲಿಸಿ 2021ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ಹೆಚ್ಚು ಬೆಲೆಯ ಔಷಧವೇ ಹೆಚ್ಚು ಉತ್ತಮವೆಂದು ಭಾವಿಸಬೇಕಾಗಿಲ್ಲ.

ಈ ಎಲ್ಲಾ ಔಷಧಗಳಿಗೂ ಒಂದು ಸಮಾನ ಮಿತಿಯಿದೆ. ಇವು ದಣಿದ ಎತ್ತನ್ನು ಬಾರುಕೋಲಿನಿಂದ ಎಬ್ಬಿಸಿ ನಡೆಸಿದಂತೆ ಹೃದಯವನ್ನು ದುಡಿಸುತ್ತವೆ. ದುಡಿದಷ್ಟೂ ಹೃದಯಕ್ಕೆ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಆದರೆ ರಕ್ತನಾಳ ಮುಚ್ಚಿರುವುದರಿಂದ ಪೂರೈಕೆ ಹೆಚ್ಚುವುದಿಲ್ಲ. ಹಾಗಾಗಿ ವೈದ್ಯರು ಅಗತ್ಯವಿರುವ ಕನಿಷ್ಠ ಪ್ರಮಾಣವನ್ನು ಕನಿಷ್ಠ ಅವಧಿಗೆ ಬಳಸಲು ಪ್ರಯತ್ನಿಸುತ್ತಾರೆ.

(ಇ) ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಗಳು

ಹೃದಯಾಘಾತ ಕಾರಣವಾಗಿದ್ದಲ್ಲಿ ಆಸ್ಪಿರಿನ್, ಅದರೊಂದಿಗೆ ಕ್ಲೊಪಿಡೋಗ್ರೆಲ್ ಅಥವಾ ಟೈಕಾಗ್ರೆಲಾರ್‌ನಂತಹ ಇನ್ನೊಂದು ಔಷಧ, ಹಾಗೂ ಹೆಪಾರಿನ್ ಇಂಜೆಕ್ಷನ್ ನೀಡಲಾಗುತ್ತದೆ. ಶಾಕ್‌ನಲ್ಲಿ ಜಠರ ಮತ್ತು ಕರುಳಿಗೂ ರಕ್ತ ಕಡಿಮೆಯಾಗುವುದರಿಂದ ನುಂಗಿದ ಮಾತ್ರೆ ನಿಧಾನವಾಗಿ ಹೀರಲ್ಪಡುತ್ತದೆ. ಈ ಕಾರಣ ಕೆಲವೊಮ್ಮೆ ಮಾತ್ರೆಯನ್ನು ಪುಡಿ ಮಾಡಿ ನಳಿಕೆಯ ಮೂಲಕ ನೀಡುವುದುಂಟು.

(ಈ) ಹೆಪ್ಪನ್ನು ಕರಗಿಸುವ ಔಷಧಗಳು

ಟೆನೆಕ್ಟೆಪ್ಲೇಸ್ ಮತ್ತು ಸ್ಟ್ರೆಪ್ಟೋಕೈನೇಸ್ ರಕ್ತನಾಳದಲ್ಲಿನ ಹೆಪ್ಪನ್ನು ಕರಗಿಸುತ್ತವೆ. ರಕ್ತದೊತ್ತಡ ತೀರಾ ಕಡಿಮೆ ಇರುವಾಗ ಔಷಧ ಹೆಪ್ಪಿನವರೆಗೆ ಸರಿಯಾಗಿ ತಲುಪದ ಕಾರಣ ಶಾಕ್‌ನಲ್ಲಿ ಇವುಗಳ ಪರಿಣಾಮ ಕಡಿಮೆ. ಆದರೂ ಆಂಜಿಯೋಪ್ಲಾಸ್ಟಿ ಸೌಲಭ್ಯ ಸಕಾಲದಲ್ಲಿ ದೊರೆಯದಿದ್ದಲ್ಲಿ, ರಕ್ತಸ್ರಾವದ ಅಪಾಯವನ್ನು ಪರಿಶೀಲಿಸಿ ಇವುಗಳನ್ನು ನೀಡಲಾಗುತ್ತದೆ.

(ಉ) ಪೂರಕ ಔಷಧಗಳು

ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಫ್ಯುರೋಸೆಮೈಡ್, ಬಡಿತದಲ್ಲಿ ಏರುಪೇರಿದ್ದರೆ ಅಮಿಯೊಡರೋನ್, ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದರೆ ಆಮ್ಲಜನಕ ಅಥವಾ ಕೃತಕ ಉಸಿರಾಟ, ಸಕ್ಕರೆಯ ಮಟ್ಟ ಏರಿದ್ದರೆ ಇನ್ಸುಲಿನ್ ನೀಡಲಾಗುತ್ತದೆ. ಹೃದಯದ ಬಲಭಾಗಕ್ಕೆ ಹಾನಿಯಾಗಿ ಶ್ವಾಸಕೋಶ ಸ್ವಚ್ಛವಾಗಿದ್ದರೆ ಸ್ವಲ್ಪ ಪ್ರಮಾಣದ ಡ್ರಿಪ್ ಉಪಯುಕ್ತವಾಗಬಹುದು. ಇತರೆ ಸಂದರ್ಭಗಳಲ್ಲಿ "ಇನ್ನೆರಡು ಬಾಟಲಿ ಡ್ರಿಪ್ ಹಾಕಿ" ಎಂದು ಒತ್ತಾಯಿಸುವುದು ಅಪಾಯಕಾರಿ. ಆ ನೀರು ಶ್ವಾಸಕೋಶವನ್ನು ಸೇರಬಹುದು.

5. ಔಷಧ ನೀಡುವ ವಿಧಾನ

ನಾರ್‌ಅಡ್ರಿನಲಿನ್ ಮತ್ತು ಡೊಬುಟಮೈನ್ ರಕ್ತದಲ್ಲಿ ಉಳಿಯುವ ಅವಧಿ ಬಹಳ ಕಡಿಮೆ. ಔಷಧ ನಿಂತ ಸುಮಾರು 2ರಿಂದ 3 ನಿಮಿಷಗಳಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಇವುಗಳನ್ನು ಸಿರಿಂಜ್ ಪಂಪ್ ಎಂಬ ಯಂತ್ರದ ಮೂಲಕ ಎಡೆಬಿಡದೆ ನೀಡಲಾಗುತ್ತದೆ.

ಉದಾಹರಣೆಗೆ, 60 ಕಿ.ಗ್ರಾಂ. ತೂಕದ ರೋಗಿಗೆ ಪ್ರತಿ ಕಿ.ಗ್ರಾಂ. ತೂಕಕ್ಕೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಪ್ರಮಾಣದಲ್ಲಿ ನಾರ್‌ಅಡ್ರಿನಲಿನ್ ನೀಡುವುದಾದರೆ ಗಂಟೆಗೆ ಬೇಕಾಗುವುದು 0.36 ಮಿ.ಗ್ರಾಂ. ಮಾತ್ರ. 50 ಮಿ.ಲೀ. ಸಿರಿಂಜಿನಲ್ಲಿ 4 ಮಿ.ಗ್ರಾಂ. ಔಷಧ ಬೆರೆಸಿದ್ದರೆ ಗಂಟೆಗೆ 4.5 ಮಿ.ಲೀ. ಹೋಗುತ್ತದೆ. ಒಂದು ಚಹಾ ಚಮಚೆಗೂ ಕಡಿಮೆಯಾದ ಈ ದ್ರವ ಒಂದು ಗಂಟೆಯ ಕಾಲ ರೋಗಿಯ ರಕ್ತದೊತ್ತಡವನ್ನು ಹಿಡಿದಿರುತ್ತದೆ. ಸಿರಿಂಜ್ ಖಾಲಿಯಾಗುವ ಮುನ್ನವೇ ಶುಶ್ರೂಷಕರು ಇನ್ನೊಂದನ್ನು ಸಿದ್ಧಪಡಿಸಿಕೊಳ್ಳುವುದು ಈ ಕಾರಣದಿಂದ.

ಕುಟುಂಬದವರು ಗಮನಿಸಬೇಕಾದ ಅಂಶಗಳು:

- ಪಂಪ್‌ನ ಗುಂಡಿಗಳನ್ನು, ಕೊಳವೆಗಳನ್ನು, ವಿದ್ಯುತ್ ಪ್ಲಗ್‌ಗಳನ್ನು ಮುಟ್ಟಬಾರದು. ಪಂಪ್ ಶಬ್ದ ಮಾಡಿದರೆ ತಕ್ಷಣ ಶುಶ್ರೂಷಕರನ್ನು ಕರೆಯಬೇಕು.
- ನಾರ್‌ಅಡ್ರಿನಲಿನ್ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ ಮತ್ತು ಮಾಂಸ ಕೊಳೆಯುವ ಅಪಾಯವಿದೆ. ಸೂಜಿ ಹಾಕಿರುವ ಜಾಗದಲ್ಲಿ ನೋವು, ಊತ ಅಥವಾ ಬಿಳಿಚಿಕೊಳ್ಳುವಿಕೆ ಕಂಡರೆ ಕೂಡಲೇ ತಿಳಿಸಬೇಕು.
- ಇದೇ ಕಾರಣಕ್ಕಾಗಿ ಕುತ್ತಿಗೆ ಅಥವಾ ತೊಡೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಅಳವಡಿಸಲು ಒಪ್ಪಿಗೆ ಕೇಳಲಾಗುತ್ತದೆ. ತುರ್ತಿನಲ್ಲಿ ಅಲ್ಪಕಾಲ ಕೈಯ ರಕ್ತನಾಳದಲ್ಲೇ ಔಷಧ ಪ್ರಾರಂಭಿಸುವುದುಂಟು.

6. ನಿಲ್ಲಿಸಲಾಗುವ ಔಷಧಗಳು

ರೋಗಿ ಮನೆಯಲ್ಲಿ ನಿತ್ಯ ಸೇವಿಸುತ್ತಿದ್ದ ಕೆಲವು ಮಾತ್ರೆಗಳನ್ನು ಈ ಸ್ಥಿತಿಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಲಾಗುತ್ತದೆ. ಮೆಟೊಪ್ರೊಲಾಲ್ ಹಾಗೂ ಅಟೆನೊಲಾಲ್‌ನಂತಹ ಬಡಿತ ತಗ್ಗಿಸುವ ಮಾತ್ರೆಗಳು, ಬಿ.ಪಿ. ಇಳಿಸುವ ಮಾತ್ರೆಗಳು ಹಾಗೂ ನಾಲಿಗೆಯ ಕೆಳಗೆ ಇಡುವ ನೈಟ್ರೇಟ್ ಮಾತ್ರೆಗಳು ಇವುಗಳಲ್ಲಿ ಸೇರಿವೆ. ಚೀನಾ ದೇಶದಲ್ಲಿ 45,852 ಹೃದಯಾಘಾತ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಲ್ಲಿಯೇ ಮೆಟೊಪ್ರೊಲಾಲ್ ನೀಡಿದ್ದರಿಂದ ಪ್ರತಿ 1000 ರೋಗಿಗಳಿಗೆ 11 ಜನ ಹೆಚ್ಚುವರಿಯಾಗಿ ಕಾರ್ಡಿಯೋಜೆನಿಕ್ ಶಾಕ್‌ಗೆ ಒಳಗಾದುದು ಕಂಡುಬಂದಿತು.

"ದಿನಾ ತೆಗೆದುಕೊಳ್ಳುವ ಮಾತ್ರೆ ತಪ್ಪಬಾರದು" ಎಂಬ ಕಾಳಜಿಯಿಂದ ರೋಗಿಗೆ ಮನೆಯ ಮಾತ್ರೆಗಳನ್ನು ಗೋಪ್ಯವಾಗಿ ನೀಡಬಾರದು. ಹಾಗೆಯೇ, ಮನೆಯಲ್ಲಿ ಎದೆನೋವು ಬಂದು ರೋಗಿ ಬೆವರಿ, ತಲೆಸುತ್ತಿ, ಕೈಕಾಲು ತಣ್ಣಗಾಗಿದ್ದರೆ ವೈದ್ಯರ ಸಲಹೆಯಿಲ್ಲದೆ ನಾಲಿಗೆಯ ಕೆಳಗಿನ ಮಾತ್ರೆ ನೀಡಬಾರದು.

7. ಮೂಲ ಚಿಕಿತ್ಸೆ: ಮುಚ್ಚಿದ ರಕ್ತನಾಳವನ್ನು ತೆರೆಯುವುದು

ಹೃದಯಾಘಾತದಿಂದ ಉಂಟಾದ ಶಾಕ್‌ನಲ್ಲಿ ಜೀವ ಉಳಿಸುವ ಸಾಧ್ಯತೆಯನ್ನು ಹೆಚ್ಚಿಸುವ ಮುಖ್ಯ ಚಿಕಿತ್ಸೆ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಯ ಮೂಲಕ ರಕ್ತನಾಳವನ್ನು ತೆರೆಯುವುದು. "ಮೊದಲು ಬಿ.ಪಿ. ಸರಿಹೋಗಲಿ, ಆಮೇಲೆ ಆಂಜಿಯೋಪ್ಲಾಸ್ಟಿ ಮಾಡಿಸೋಣ" ಎಂದು ಅನೇಕ ಕುಟುಂಬಗಳು ಒಪ್ಪಿಗೆ ನೀಡಲು ಹಿಂಜರಿಯುವುದುಂಟು. ಈ ಪ್ರಶ್ನೆಯನ್ನೇ 302 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ ಬೇಗನೆ ರಕ್ತನಾಳ ತೆರೆಯಲಾಯಿತು; ಇನ್ನೊಂದು ಗುಂಪಿನವರನ್ನು ಮೊದಲು ಔಷಧಗಳಿಂದ ಸ್ಥಿರಗೊಳಿಸಲು ಪ್ರಯತ್ನಿಸಲಾಯಿತು. 30 ದಿನಗಳ ವೇಳೆಗೆ ವ್ಯತ್ಯಾಸ ಖಚಿತವಾಗಿರಲಿಲ್ಲ. ಆದರೆ ಒಂದು ವರ್ಷದ ನಂತರ ಮೊದಲ ಗುಂಪಿನಲ್ಲಿ 100ಕ್ಕೆ ಸುಮಾರು 47 ಜನ ಬದುಕಿದ್ದರು. ಎರಡನೆಯ ಗುಂಪಿನಲ್ಲಿ ಸುಮಾರು 34 ಜನ.

ಬಿ.ಪಿ. ಇಳಿದಿರುವುದು ರಕ್ತನಾಳ ಮುಚ್ಚಿರುವುದರ ಪರಿಣಾಮ. ಮೂಲವನ್ನು ಸರಿಪಡಿಸದೆ ಪರಿಣಾಮ ತಾನಾಗಿ ಸರಿಹೋಗಲೆಂದು ಕಾಯುವುದರಿಂದ ಪ್ರಯೋಜನವಿಲ್ಲ. ಎದೆನೋವು ಪ್ರಾರಂಭವಾಗಿ ಬಹಳ ಹೊತ್ತಾಗಿದ್ದರೂ, ಶಾಕ್ ಇರುವ ರೋಗಿಗೆ ತುರ್ತು ಆಂಜಿಯೋಗ್ರಾಂ ಬಗ್ಗೆ ವೈದ್ಯರು ಸಲಹೆ ನೀಡಬಹುದು. ಈ ಚಿಕಿತ್ಸೆಯಲ್ಲಿ ಅಪಾಯವಿರುವುದು ನಿಜ. ಚಿಕಿತ್ಸೆಯ ವೇಳೆಯಲ್ಲಿಯೇ ಸಾವು ಸಂಭವಿಸಬಹುದು. ಆದರೆ ಕಾಯುವುದರಲ್ಲಿಯೂ ಅಪಾಯವಿದೆ.

ಒಂದಕ್ಕಿಂತ ಹೆಚ್ಚು ರಕ್ತನಾಳಗಳಲ್ಲಿ ಅಡಚಣೆಯಿದ್ದರೂ ಮೊದಲು ಹೃದಯಾಘಾತಕ್ಕೆ ಕಾರಣವಾದ ಒಂದನ್ನು ಮಾತ್ರ ತೆರೆಯುವುದು ಉತ್ತಮವೆಂದು 2017ರಲ್ಲಿ ಪ್ರಕಟವಾದ, 706 ರೋಗಿಗಳ ಅಧ್ಯಯನ ತೋರಿಸಿದೆ. ಆದ್ದರಿಂದ "ಒಂದನ್ನು ಮಾತ್ರ ಮಾಡಿ ಉಳಿದದ್ದನ್ನು ಬಿಟ್ಟರು" ಎಂದು ತಪ್ಪು ತಿಳಿಯಬಾರದು.

8. ಯಂತ್ರಗಳ ನೆರವು

ಔಷಧಗಳ ಪ್ರಮಾಣ ಹೆಚ್ಚಿಸಿದರೂ ಸ್ಥಿತಿ ಸುಧಾರಿಸದಿದ್ದಲ್ಲಿ ಹೃದಯಕ್ಕೆ ನೆರವಾಗುವ ಯಂತ್ರಗಳನ್ನು ಆಯ್ದ ಕೇಂದ್ರಗಳಲ್ಲಿ ಬಳಸಲಾಗುತ್ತದೆ. ಮಹಾಪಧಮನಿಯಲ್ಲಿ ಬಲೂನ್ ಅಳವಡಿಸುವ ವಿಧಾನದಿಂದ ಸಾವಿನ ಪ್ರಮಾಣ ತಗ್ಗುವುದಿಲ್ಲವೆಂದು 2012ರ ಅಧ್ಯಯನದಿಂದಲೂ, ಎಕ್ಮೋ ಯಂತ್ರವನ್ನು ಎಲ್ಲರಿಗೂ ಆರಂಭದಲ್ಲಿಯೇ ಬಳಸುವುದರಿಂದ 30 ದಿನಗಳ ಸಾವು ತಗ್ಗುವುದಿಲ್ಲವೆಂದು 2023ರ ಅಧ್ಯಯನದಿಂದಲೂ ತಿಳಿದುಬಂದಿದೆ. ಹೃದಯದೊಳಗೆ ಅಳವಡಿಸುವ ಸಣ್ಣ ಪಂಪ್‌ನಿಂದ ಆಯ್ದ ಹೃದಯಾಘಾತ ರೋಗಿಗಳಲ್ಲಿ 180 ದಿನಗಳ ಸಾವಿನ ಪ್ರಮಾಣ ಶೇಕಡ 58.5ರಿಂದ 45.8ಕ್ಕೆ ಇಳಿದುದನ್ನು 2024ರ ಅಧ್ಯಯನ ತೋರಿಸಿತು; ಆದರೆ ರಕ್ತಸ್ರಾವದಂತಹ ತೊಡಕುಗಳೂ ಹೆಚ್ಚಾಗಿದ್ದವು. ಈ ಯಂತ್ರಗಳು ಅತ್ಯಂತ ದುಬಾರಿ. ಕುಟುಂಬದವರು ಸಾಲ ಮಾಡುವ ಅಥವಾ ಆಸ್ತಿ ಮಾರುವ ಮುನ್ನ, ತಮ್ಮ ರೋಗಿಗೆ ಇದರಿಂದ ನಿರ್ದಿಷ್ಟವಾಗಿ ಯಾವ ಪ್ರಯೋಜನ ನಿರೀಕ್ಷಿತವೆಂದು ವೈದ್ಯರನ್ನು ಕೇಳಿ ತಿಳಿಯುವುದು ಸೂಕ್ತ.

9. ಬೇರೆ ಆಸ್ಪತ್ರೆಗೆ ವರ್ಗಾಯಿಸುವಾಗ

ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಆಂಜಿಯೋಪ್ಲಾಸ್ಟಿ ಸೌಲಭ್ಯ ಇರುವುದಿಲ್ಲ. ಆದರೂ ಅಲ್ಲಿ ಮಾಡಬೇಕಾದ ಕೆಲಸ ಮಹತ್ವದ್ದು: ಇ.ಸಿ.ಜಿ., ರಕ್ತದೊತ್ತಡ ಹಿಡಿಯುವ ಔಷಧದ ಪ್ರಾರಂಭ, ಅಗತ್ಯವಿದ್ದಲ್ಲಿ ಹೆಪ್ಪು ಕರಗಿಸುವ ಔಷಧ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಗುರುತಿಸಲಾದ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರಿಗೆ ರವಾನಿಸಿ ಸಲಹೆ ಪಡೆಯಲಾಗುತ್ತದೆ. ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ನೀಡಲಾಗುತ್ತದೆ. ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು ಬೆಂಗಳೂರು, ಮೈಸೂರು ಮತ್ತು ಕಲಬುರಗಿಯಲ್ಲಿ ಆಸ್ಪತ್ರೆಗಳನ್ನು ಹೊಂದಿದೆ.

ವರ್ಗಾವಣೆಯ ಸಂದರ್ಭದಲ್ಲಿ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ:

- ಔಷಧದ ಮೇಲೆ ಇರುವ ರೋಗಿಯನ್ನು ಖಾಸಗಿ ಕಾರಿನಲ್ಲಿ ಅಥವಾ ಬಾಡಿಗೆ ವಾಹನದಲ್ಲಿ ಸಾಗಿಸಬಾರದು. ಪಂಪ್ ನಿಂತ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯಬಹುದು.
- 108 ಸಂಖ್ಯೆಗೆ ಕರೆ ಮಾಡುವಾಗ ರೋಗಿಯು ಇಂಜೆಕ್ಷನ್ ಪಂಪ್ ಮೇಲಿರುವುದನ್ನು ತಿಳಿಸಿ, ಸುಧಾರಿತ ಜೀವರಕ್ಷಕ ಆಂಬುಲೆನ್ಸ್ ಕೋರಬೇಕು.
- ಆಂಬುಲೆನ್ಸ್‌ನಲ್ಲಿ ಬ್ಯಾಟರಿಯಿಂದ ನಡೆಯುವ ಸಿರಿಂಜ್ ಪಂಪ್, ಹೆಚ್ಚುವರಿ ಔಷಧ, ಆಮ್ಲಜನಕ ಹಾಗೂ ತರಬೇತಿ ಹೊಂದಿದ ಸಿಬ್ಬಂದಿ ಇರುವುದನ್ನು ಕೇಳಿ ತಿಳಿಯಬೇಕು.
- ಸೇರಬೇಕಾದ ಆಸ್ಪತ್ರೆಗೆ ಮೊದಲೇ ದೂರವಾಣಿ ಮಾಡಿ ಹಾಸಿಗೆ ಲಭ್ಯತೆಯನ್ನು ವೈದ್ಯರ ಮೂಲಕ ಖಚಿತಪಡಿಸಿಕೊಳ್ಳಬೇಕು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದರಲ್ಲಿ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.
- ನೀಡಿದ ಔಷಧ, ಪ್ರಮಾಣ ಮತ್ತು ವೇಳೆಯನ್ನು ನಮೂದಿಸಿದ ಶಿಫಾರಸು ಪತ್ರ ಹಾಗೂ ಇ.ಸಿ.ಜಿ. ಪ್ರತಿಯನ್ನು ಜೊತೆಗೆ ಒಯ್ಯಬೇಕು.

10. ವೈದ್ಯರಿಗೆ ತಿಳಿಸಬೇಕಾದ ಮಾಹಿತಿ

- ಎದೆನೋವು ಅಥವಾ ಉಸಿರಾಟದ ತೊಂದರೆ ಪ್ರಾರಂಭವಾದ ನಿಖರ ಸಮಯ.
- ರೋಗಿ ಸೇವಿಸುತ್ತಿರುವ ಎಲ್ಲಾ ಮಾತ್ರೆಗಳು. ಸಾಧ್ಯವಾದರೆ ಮಾತ್ರೆಯ ಪಟ್ಟಿಗಳನ್ನೇ ತರುವುದು.
- ರಕ್ತ ತೆಳುವಾಗಿಸುವ ಮಾತ್ರೆಗಳ ಬಳಕೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ತಲೆಗೆ ಪೆಟ್ಟು, ಪಾರ್ಶ್ವವಾಯು, ರಕ್ತಸ್ರಾವ.
- ಮೂತ್ರಪಿಂಡದ ಕಾಯಿಲೆ, ಮಧುಮೇಹ, ಔಷಧಗಳ ಅಲರ್ಜಿ.
- ಕಳೆದ 48 ಗಂಟೆಗಳಲ್ಲಿ ಲೈಂಗಿಕ ಶಕ್ತಿಗಾಗಿ ಸೇವಿಸಿದ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಮಾತ್ರೆ. ನೈಟ್ರೇಟ್ ಜೊತೆ ಸೇರಿದರೆ ಇವು ಬಿ.ಪಿ.ಯನ್ನು ಅಪಾಯಕಾರಿಯಾಗಿ ಇಳಿಸುತ್ತವೆ. ಈ ಮಾಹಿತಿಯನ್ನು ವೈದ್ಯರು ಗೌಪ್ಯವಾಗಿ ಇರಿಸುತ್ತಾರೆ.

11. ಚಿಕಿತ್ಸಾ ವೆಚ್ಚ ಮತ್ತು ಸರ್ಕಾರದ ಯೋಜನೆ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು 2018ರಿಂದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅನುಷ್ಠಾನಗೊಳಿಸಲಾಗುತ್ತಿದೆ. ಆದ್ಯತಾ ಪಡಿತರ ಚೀಟಿ ಹೊಂದಿರುವ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಲಭ್ಯವಿದೆ. ಇತರೆ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ.

ಯೋಜಿತ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಆದರೆ ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಶಿಫಾರಸು ಪತ್ರವಿಲ್ಲದೆ ನೇರವಾಗಿ ನೋಂದಾಯಿತ ಆಸ್ಪತ್ರೆಗೆ ದಾಖಲಾಗಬಹುದು. ಶಾಕ್‌ನಲ್ಲಿರುವ ರೋಗಿಯನ್ನು ಕೇವಲ ಪತ್ರಕ್ಕಾಗಿ ಕಾಯಿಸಬಾರದು. ರೋಗಿಯ ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸುವುದು. ಆಯುಷ್ಮಾನ್ ಭಾರತ್ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14555.

12. ರೋಗಿಯ ಹಕ್ಕುಗಳು

- ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಹಾಗೂ ಅದರ 2017ರ ತಿದ್ದುಪಡಿಯ ಅನ್ವಯ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಒತ್ತಾಯಿಸದೆ ಚಿಕಿತ್ಸೆ ನೀಡತಕ್ಕದ್ದು. ರೋಗಿ ಮೃತಪಟ್ಟಲ್ಲಿ ಬಾಕಿ ಹಣಕ್ಕಾಗಿ ಪಾರ್ಥಿವ ಶರೀರವನ್ನು ತಡೆಹಿಡಿಯುವಂತಿಲ್ಲ.
- ಈ ಸಂಬಂಧದ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಬಹುದು.
- ವೈದ್ಯಕೀಯ ದಾಖಲೆಗಳನ್ನು ಕೋರಿದಲ್ಲಿ, ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ 72 ಗಂಟೆಗಳೊಳಗೆ ಒದಗಿಸತಕ್ಕದ್ದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿ.ಪಿ. 100ಕ್ಕೆ ಏರಿದೆ. ಅಪಾಯ ಕಳೆಯಿತೇ?
ಉತ್ತರ: ಬಿ.ಪಿ.ಯ ಅಂಕಿಯೊಂದರಿಂದಲೇ ನಿರ್ಧರಿಸಲಾಗದು. ಔಷಧದ ಪ್ರಮಾಣ ಕಡಿಮೆಯಾಗುತ್ತಿದೆಯೇ, ಮೂತ್ರ ಬರುತ್ತಿದೆಯೇ, ಲ್ಯಾಕ್ಟೇಟ್ ಇಳಿಯುತ್ತಿದೆಯೇ, ಕೈಕಾಲು ಬೆಚ್ಚಗಾಗಿದೆಯೇ ಎಂದು ವೈದ್ಯರನ್ನು ಕೇಳಿ. ಔಷಧ ಹೆಚ್ಚುತ್ತಾ ಬಿ.ಪಿ. ಅಷ್ಟೇ ಉಳಿದಿದ್ದರೆ ಅದು ಸುಧಾರಣೆಯಲ್ಲ.

ಪ್ರಶ್ನೆ: ರೋಗಿ ನೀರು ಕೇಳುತ್ತಿದ್ದಾರೆ. ಎಳನೀರು ಕೊಡಬಹುದೇ?
ಉತ್ತರ: ಅನುಮತಿಯಿಲ್ಲದೆ ಏನನ್ನೂ ಕೊಡಬಾರದು. ಮಂಪರಿನಲ್ಲಿರುವವರಿಗೆ ದ್ರವ ಶ್ವಾಸನಾಳಕ್ಕೆ ಸೇರಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಅಧಿಕವಾಗಿದ್ದು, ಮೂತ್ರಪಿಂಡ ಕೆಲಸ ಮಾಡದಿರುವಾಗ ಅದು ಹೃದಯ ಬಡಿತವನ್ನು ಕೆಡಿಸಬಹುದು. ಒದ್ದೆ ಬಟ್ಟೆಯಿಂದ ತುಟಿ ತೇವಗೊಳಿಸಲು ಶುಶ್ರೂಷಕರನ್ನು ಕೋರಬಹುದು.

ಪ್ರಶ್ನೆ: ಔಷಧ ಎಷ್ಟು ದಿನ ನೀಡಲಾಗುತ್ತದೆ?
ಉತ್ತರ: ಹೃದಯ ಚೇತರಿಸಿಕೊಂಡಂತೆ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಲಾಗುತ್ತದೆ. ಕೆಲವರಲ್ಲಿ ಒಂದೆರಡು ದಿನ, ಇನ್ನು ಕೆಲವರಲ್ಲಿ ಹಲವು ದಿನಗಳು ಬೇಕಾಗಬಹುದು. ಒಮ್ಮೆಲೇ ನಿಲ್ಲಿಸುವುದಿಲ್ಲ.

ಪ್ರಶ್ನೆ: ಎಲ್ಲಾ ಪ್ರಯತ್ನಗಳ ನಂತರವೂ ಸುಧಾರಣೆ ಕಾಣದಿದ್ದರೆ?
ಉತ್ತರ: ಮುಂದಿನ ಚಿಕಿತ್ಸೆಯಿಂದ ನಿರೀಕ್ಷಿಸಬಹುದಾದುದನ್ನು ಸ್ಪಷ್ಟವಾಗಿ ತಿಳಿಸುವಂತೆ ವೈದ್ಯರನ್ನು ಕೇಳುವ ಹಕ್ಕು ಕುಟುಂಬಕ್ಕಿದೆ. ರೋಗಿಗೆ ನೋವು ಮತ್ತು ಉಸಿರಾಟದ ಸಂಕಟ ಇಲ್ಲದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವೇ. ಕುಟುಂಬದ ಪರವಾಗಿ ಒಬ್ಬರು ವೈದ್ಯರೊಂದಿಗೆ ಮಾತನಾಡಿ ಉಳಿದವರಿಗೆ ತಿಳಿಸುವುದರಿಂದ ಗೊಂದಲ ಕಡಿಮೆಯಾಗುತ್ತದೆ.

ಪ್ರಶ್ನೆ: ಗುಣಮುಖರಾಗಿ ಮನೆಗೆ ಬಂದ ನಂತರ?
ಉತ್ತರ: ಬಿಡುಗಡೆ ಪತ್ರದಲ್ಲಿ ಸೂಚಿಸಿದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಸ್ಟೆಂಟ್ ಅಳವಡಿಸಿದ್ದಲ್ಲಿ ಹೆಪ್ಪುಗಟ್ಟುವಿಕೆ ತಡೆಯುವ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಒಂದು ದಿನವೂ ನಿಲ್ಲಿಸಬಾರದು. ನಿಗದಿತ ದಿನಾಂಕದಂದು ಎಕೋ ಪರೀಕ್ಷೆಗೆ ಹಾಜರಾಗಬೇಕು. ಆಸ್ಪತ್ರೆಯಲ್ಲಿ ನಿಲ್ಲಿಸಲಾಗಿದ್ದ ಹಳೆಯ ಮಾತ್ರೆಗಳನ್ನು ತಾವಾಗಿಯೇ ಮತ್ತೆ ಪ್ರಾರಂಭಿಸಬಾರದು. ಧೂಮಪಾನ ಮತ್ತು ತಂಬಾಕು ಸೇವನೆಯನ್ನು ಸಂಪೂರ್ಣ ತ್ಯಜಿಸಬೇಕು.

ಸೂಚನೆ: ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಔಷಧದ ಆಯ್ಕೆ ಮತ್ತು ಪ್ರಮಾಣವನ್ನು ರೋಗಿಯ ಸ್ಥಿತಿಯನ್ನು ಆಧರಿಸಿ ಚಿಕಿತ್ಸೆ ನೀಡುವ ವೈದ್ಯರೇ ನಿರ್ಧರಿಸತಕ್ಕದ್ದು. ಎದೆನೋವು, ಬೆವರುವಿಕೆ, ಉಸಿರಾಟದ ತೊಂದರೆ ಕಂಡುಬಂದಲ್ಲಿ ಮನೆಯಲ್ಲಿ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಲು ಸಾರ್ವಜನಿಕರಲ್ಲಿ ಕೋರಲಾಗಿದೆ.